ರಿಪೇರಿ ಬೇಡದ ಮದ್ದಳೆ

ಕಮಲಾಪುರ,
ಕಾರ್ತಿಕ, ಫಸಲಿ ೧೩೨೮

ಕಲಬುರ್ಗಿಯ ಮದ್ದಳೆ ಕಟ್ಟುವ ತುಳಜಪ್ಪನವರಿಗೆ ಶರಣು.

ಬಂಡಿಯವನ ಕೈಯಲ್ಲಿ ನಮ್ಮ ಭಜನಾ ಮೇಳದ ಮದ್ದಳೆ ಕಳಿಸಿದ್ದೇನೆ. ಅದಕ್ಕೇನೂ ಆಗಿಲ್ಲ. ಅದನ್ನು ಬಾರಿಸುತ್ತಿದ್ದ ಶಿವಶರಣ ಈ ಸಲದ ಜ್ವರದಲ್ಲಿ ತೀರಿಹೋದ. ಅವನ ತಾಯಿ ಗುಂಡಮ್ಮನಿಗೆ ಅದು ನೆನಪಿನಲ್ಲಿ ನಿಲ್ಲುತ್ತಿಲ್ಲ. ಮದ್ದಳೆಯ ಎಡಬದಿಗೆ ಹಚ್ಚುವ ಹಿಟ್ಟನ್ನು ನಾದಿಕೊಂಡು ಪ್ರತಿ ಸೋಮವಾರ ಭಜನೆಗೆ ಬರುತ್ತಾಳೆ. "ಹಿಟ್ಟು ಒಣಗಾಕತ್ತದ, ನನ್ನ ಮಗ ಎಲ್ಲಿ ಹೋಗ್ಯಾನ್ರೀ?" ಅನ್ನುತ್ತಾಳೆ.

ಮದ್ದಳೆ ರಿಪೇರಿ ಮಾಡಿಸಲು ಕಲಬುರ್ಗಿಗೆ ಹೋಗಿದ್ದಾನೆ ಎಂದುಬಿಟ್ಟೆ. ಮೇಳದ ಹಿರಿಯರು ಇದಕ್ಕೆ ನನ್ನನ್ನು ಬೈದರು. ಬೈಯಲಿ.

ಎಡಬದಿಯಲ್ಲಿ ಅವನು ಕಡೆಯ ಸಲ ಹಚ್ಚಿದ ಹಿಟ್ಟು ಒಣಗಿದೆ, ಕೆರೆಯಬೇಡಿ. ಯಾರಾದರೂ ಬಂದು ಕೇಳಿದರೆ, "ಇನ್ನಾ ಸ್ವಲ್ಪ ಕೆಲಸ ಅದರೀ" ಅನ್ನಿ. ಗುಂಡಮ್ಮ ಇರುವತನಕ ಅದು ನಿಮ್ಮಲ್ಲೇ ಇರಲಿ. ನಾವು ಬರೀ ತಾಳದ ಮೇಲೆ ಹಾಡುತ್ತೇವೆ.

ನಿಮ್ಮ
ಬಸವಂತಪ್ಪ