ಏಳನೆಯ ಸಂದರ್ಶನದ ಅರ್ಧ ವಾಕ್ಯ

ಸಂಶೋಧನಾ ನೈತಿಕತೆ ಸಮಿತಿಯ ಅಧ್ಯಕ್ಷರಿಗೆ, ಎಲ್ಲರೂ ಓದಲೆಂದು

ಮಾನ್ಯರೇ,

ನನ್ನದೇನೂ ತಪ್ಪಿಲ್ಲವೆಂದು ತೀರ್ಮಾನಿಸಿ ನೀವು ಕಳುಹಿಸಿದ ಪತ್ರ ಕೈ ಸೇರಿತು. ಆ ತೀರ್ಮಾನದ ವಿರುದ್ಧ ದೂರು ಕೊಡಲು ಇದನ್ನು ಬರೆಯುತ್ತಿದ್ದೇನೆ. ತನಗೆ ಶಿಕ್ಷೆಯಾಗಲಿಲ್ಲವೆಂದು ಜಗಳಕ್ಕೆ ಬರುವವರು ನಿಮ್ಮ ಮೇಜಿನ ಮುಂದೆ ಹೆಚ್ಚು ಮಂದಿ ನಿಂತಿರಲಾರರು, ಆದ್ದರಿಂದ ತುಸು ಸಾವಧಾನವಾಗಿ ಓದಬೇಕೆಂದು ಕೋರುತ್ತೇನೆ. ನಾನು ಬರೆದ ಪ್ರಬಂಧವೊಂದರಿಂದ ರಷ್ಯಾದಲ್ಲಿ ಒಬ್ಬರು ತೊಂದರೆಗೆ ಸಿಕ್ಕಿದ್ದಾರೆ. ಆ ಪ್ರಬಂಧ ಇವತ್ತಿಗೂ ನಮ್ಮ ಸಂಸ್ಥೆಯ ಜಾಲತಾಣದಲ್ಲಿದೆ. ಅದನ್ನು ತೆಗೆದುಹಾಕಿ ಎಂದು ಬೇಡಿಕೊಂಡೆ. ಯಾವ ನಿಯಮವೂ ಮುರಿದಿಲ್ಲ, ಕಡತ ಮುಚ್ಚಲಾಗಿದೆ ಎಂದಿರಿ.

ಹೊರಗಿನ ಓದುಗರಿಗೆ ನಮ್ಮ ಕಸುಬಿನ ಬಗ್ಗೆ ಎರಡು ಮಾತು ಹೇಳಬೇಕು. ರಷ್ಯಾದ ವಿದೇಶಾಂಗ ನೀತಿಯನ್ನು ಅಧ್ಯಯನ ಮಾಡುತ್ತೇವೆ ಎಂದರೆ ಬಹಳ ದೊಡ್ಡದಾಗಿ ಕೇಳಿಸುತ್ತದೆ. ಮುಕ್ಕಾಲು ಪಾಲು ಕೆಲಸ ಅಲ್ಲಿನ ಭಾಷಣಗಳನ್ನೂ ಒಪ್ಪಂದಗಳನ್ನೂ ಪತ್ರಿಕಾ ಹೇಳಿಕೆಗಳನ್ನೂ ಓದುವುದು. ಎಲ್ಲರೂ ಓದುವುದು ಅವೇ ಭಾಷಣಗಳನ್ನು. ಅವರ ಲೇಖನವನ್ನು ಇವರು, ಇವರ ಲೇಖನವನ್ನು ಅವರು ಉಲ್ಲೇಖಿಸುತ್ತ ಅರೆದದ್ದನ್ನೇ ಅರೆಯುತ್ತ ಇರುತ್ತೇವೆ. ಹಾಗಿರುವಾಗ, ನೆರೆಯ ದೇಶದ ಜೊತೆ ಮಾತುಕತೆ ಮುಂದುವರಿಸಬೇಕೋ ಮುರಿಯಬೇಕೋ ಎಂದು ತೀರ್ಮಾನವಾಗುವ ಕೋಣೆಯನ್ನು ಒಳಗಿಂದ ಕಂಡವರೊಬ್ಬರು ಬಾಯಿ ಬಿಡಲು ಒಪ್ಪಿದರೆ ನಮ್ಮ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಅಂಥವರಿಗೆ ಒಂದು ಮಾತು ಕೊಡುತ್ತೇವೆ: ಹೆಸರು ಎಲ್ಲೂ ಬರುವುದಿಲ್ಲ. ಪ್ರಬಂಧದಲ್ಲಿ ಹೆಸರಿದ್ದ ಕಡೆ ಒಂದು ಸಂಖ್ಯೆ ಬರುತ್ತದೆ. ನನ್ನ ಪ್ರಬಂಧದಲ್ಲಿ ಅವರು 'ಸಂದರ್ಶನ ಏಳು' ಆದರು. ಒಪ್ಪಿಗೆ ಪಡೆದಿದ್ದಾರೆಯೇ, ಹೆಸರು ಮರೆಮಾಡಿದ್ದಾರೆಯೇ, ಧ್ವನಿಮುದ್ರಿಕೆಗೆ ಬೀಗ ಹಾಕಿದ್ದಾರೆಯೇ ಎಂದು ನಿಮ್ಮ ಸಮಿತಿ ನೋಡಿತು, ಸರಿ ಎಂದು ಮುದ್ರೆ ಒತ್ತಿತು.

ಆಮೇಲೆ ಪ್ರಬಂಧ ವಿಮರ್ಶಕರ ಬಳಿ ಹೋಯಿತು. ಬರೆದವರು ಯಾರೆಂದು ವಿಮರ್ಶಕರಿಗೆ ತಿಳಿಯಬಾರದು, ವಿಮರ್ಶಕರು ಯಾರೆಂದು ಬರೆದವರಿಗೆ ತಿಳಿಯಬಾರದು ಎಂಬುದು ನಮ್ಮ ಪದ್ಧತಿ. ಅವರು ಎಲ್ಲವನ್ನೂ ಹೊಗಳಿ ಕೊನೆಯಲ್ಲಿ ಒಂದು ಸಾಲು ಬರೆದರು: ಏಳನೆಯ ಸಂದರ್ಶನವೇ ಪ್ರಬಂಧದ ಬೆನ್ನೆಲುಬು, ಆದರೆ ಈ ವ್ಯಕ್ತಿಗೆ ಇದೆಲ್ಲ ತಿಳಿದದ್ದು ಹೇಗೆಂದು ಓದುಗರಿಗೆ ಮನವರಿಕೆಯಾಗುತ್ತಿಲ್ಲ. ನಾನು ಅರ್ಧ ವಾಕ್ಯ ಸೇರಿಸಿದೆ. ಅವರು ಯಾವ ಬಗೆಯ ಕೆಲಸದಲ್ಲಿದ್ದರು, ಯಾವ ಅವಧಿಯಲ್ಲಿ ಅಲ್ಲಿದ್ದರು, ಅದನ್ನು ಯಾಕೆ ಬಿಟ್ಟರು, ಇಷ್ಟೇ. ಒಂದೊಂದನ್ನೂ ಬಿಡಿಯಾಗಿ ನೋಡಿದರೆ ನೂರಾರು ಜನರಿಗೆ ಹೊಂದುವ ವಿವರ. ಮೂರನ್ನೂ ಒಟ್ಟಿಗೆ ಇಟ್ಟರೆ ಎಷ್ಟು ಜನ ಉಳಿಯುತ್ತಾರೆ ಎಂದು ನಾನು ಯೋಚಿಸಲಿಲ್ಲ. ನಿಮ್ಮ ಮುದ್ರೆ ಅಷ್ಟರಲ್ಲಾಗಲೇ ಬಿದ್ದಿತ್ತಲ್ಲ, ತಿದ್ದಿದ ಪುಟ ನಿಮ್ಮ ಬಳಿಗೆ ವಾಪಸು ಬರಬೇಕೆಂಬ ನಿಯಮವೇ ಇಲ್ಲ. ಇನ್ನು ಆ ವಿಮರ್ಶಕರು ಯಾರು? ಯಾವ ಊರಿನವರು, ಎಷ್ಟು ವಯಸ್ಸಿನವರು, ಗಂಡೋ ಹೆಣ್ಣೋ? ಇಂದಿಗೂ ನನಗೆ ಗೊತ್ತಿಲ್ಲ. ಗುಟ್ಟು ಕಾಯುವುದು ನಮ್ಮ ಸಂಸ್ಥೆಗೆ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ತನಗೆ ಬೇಕಾದವರದನ್ನು ಬಹಳ ಚೆನ್ನಾಗಿ ಕಾಯುತ್ತದೆ.

ತಪ್ಪನ್ನೆಲ್ಲ ವಿಮರ್ಶಕರ ತಲೆಗೆ ಕಟ್ಟಿ ನುಣುಚಿಕೊಳ್ಳುವ ಮನಸ್ಸಿಲ್ಲ. ಅಚ್ಚಿಗೆ ಹೋಗುವ ಮುನ್ನ ಆ ಪುಟವನ್ನು ನನ್ನ ಅಮ್ಮನಿಗೆ ಓದಲು ಕೊಟ್ಟಿದ್ದೆ. ಅಮ್ಮ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು, ಪತ್ತೇದಾರಿ ಕಾದಂಬರಿಗಳ ಹುಚ್ಚು. ನಾನು ಬರೆದದ್ದನ್ನು ಎಂದೂ ಎರಡನೆಯ ಪುಟ ದಾಟಿ ಓದಿದವಳಲ್ಲ. ಅವತ್ತು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಪೂರ್ತಿ ಓದಿದಳು.

"ಅಬ್ಬಾ, ಕೊನೆಗೂ ನಿನ್ನ ಬರಹದಲ್ಲಿ ಒಬ್ರು ಮನುಷ್ಯರು ಸಿಕ್ರು ನೋಡು," ಎಂದಳು. "ಕಣ್ಣಿಗೆ ಕಟ್ಟಿದ ಹಾಗಿದೆ. ಇವರು ಬಸ್ ಸ್ಟಾಪಲ್ಲಿ ನಿಂತಿದ್ರೂ ನಾನು ಗುರುತು ಹಿಡೀತೀನಿ ಕಣೇ."

ನಾನು ಹಿಗ್ಗಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಹಿಗ್ಗಿ ಇನ್ನೊಮ್ಮೆ ಓದಿಸಿದೆ. ಹೊಗಳಿಕೆಯಂತೆ ಕೇಳಿಸಿದ ಆ ಮಾತಿನಲ್ಲಿ ಅಪಾಯ ಎದ್ದು ಕಾಣುತ್ತಿತ್ತು. ಭದ್ರತೆಯ ಬಗ್ಗೆ ಇಷ್ಟು ವರ್ಷ ಪಾಠ ಹೇಳಿದವಳಿಗೆ ಅದು ಕಾಣಲಿಲ್ಲ. ವಿಮರ್ಶಕರು ಕೇಳದಿದ್ದರೂ ಆ ಅರ್ಧ ವಾಕ್ಯವನ್ನು ನಾನು ಹೇಗಾದರೂ ತೂರಿಸುತ್ತಿದ್ದೆನೋ ಏನೋ. ನೋಡಿ, ನಾನು ಎಂಥವರನ್ನು ಮಾತಾಡಿಸಿ ಬಂದಿದ್ದೇನೆ ಎಂದು ನಾಲ್ಕು ಜನಕ್ಕೆ ತೋರಿಸುವ ಆಸೆ ನನಗಿತ್ತು.

ಪ್ರಬಂಧ ಪ್ರಕಟವಾದ ಮೇಲೆ ನಮ್ಮ ವಿಭಾಗದ ಸಭಾಕೋಣೆಯಲ್ಲಿ ಒಂದು ಸಣ್ಣ ಸಮಾರಂಭವಾಯಿತು. ಬಾಗಿಲ ಮೇಲೆ 'ಅಂತರರಾಷ್ಟ್ರೀಯ ಭದ್ರತಾ ಅಧ್ಯಯನ' ಎಂದು ಹಿತ್ತಾಳೆಯ ಅಕ್ಷರಗಳಿರುವ ಅದೇ ಕೋಣೆ. ನೀವೂ ಬಂದಿದ್ದಿರಿ, ಕಿಟಕಿಯ ಪಕ್ಕ ನಿಂತು ಕೇಕು ತಿಂದಿರಿ. ನನ್ನ ಪಕ್ಕದ ಕೋಣೆಯ ಸಹೋದ್ಯೋಗಿ, ಎಲ್ಲದಕ್ಕೂ ಲೆಕ್ಕ ಕೇಳುವುದರಿಂದ ನಾವೆಲ್ಲ 'ಆಡಿಟರ್' ಎಂದು ಕರೆಯುವವರು, "ಇದು ಬರೀ ಕೇಕಲ್ಲಿ ಮುಗಿಯೋ ವಿಷಯ ಅಲ್ಲ ಮೇಡಂ, ಊಟ ಯಾವಾಗ?" ಎಂದು ಕಾಡುತ್ತಿದ್ದರು. ಆಗ ಫೋನಿಗೆ ಒಂದು ಸಂದೇಶ ಬಂತು. ರಷ್ಯಾದಿಂದ ಒಬ್ಬರು ಕಳುಹಿಸಿದ್ದು. ನನ್ನ ಪ್ರಬಂಧದ ಒಂದು ಪುಟವನ್ನು ಮುಂದಿಟ್ಟು, ಇದು ನೀವೇ ಅಲ್ಲವೇ ಎಂದು ಅಲ್ಲಿನ ಅಧಿಕಾರಿಗಳು ಒಬ್ಬರನ್ನು ಕೂರಿಸಿ ಕೇಳುತ್ತಿದ್ದಾರೆ, ಇನ್ನು ಈ ಸಂಖ್ಯೆಗೆ ಬರೆಯಬೇಡಿ. ಆಡಿಟರ್ ನನ್ನ ಮುಖ ನೋಡಿ, "ಯಾಕೆ, ಮನೇಲೆಲ್ಲ ಹುಷಾರಾಗಿದ್ದಾರೆ ತಾನೇ?" ಎಂದರು. ಹೌದು, ನಮ್ಮ ಮನೆಯಲ್ಲಿ ಎಲ್ಲರೂ ಹುಷಾರಾಗಿದ್ದರು.

ಆ ಅಧಿಕಾರಿಗಳು ಊಹಿಸಿದ ವ್ಯಕ್ತಿ ಸರಿಯಾದವರೋ ಬೇರೆ ಯಾರೋ ಎಂದು ನಾನು ಇಲ್ಲಿ ಹೇಳುವುದಿಲ್ಲ. ಹೌದೆಂದರೂ ಕೇಡು, ಅಲ್ಲವೆಂದರೂ ಇನ್ನೊಬ್ಬರಿಗೆ ಕೇಡು. ಯಾರೋ ಒಬ್ಬರು ನನ್ನ ವಾಕ್ಯದ ದೆಸೆಯಿಂದ ಆ ಕುರ್ಚಿಯಲ್ಲಿ ಕೂರಬೇಕಾಯಿತು. ಎದ್ದು ಮನೆಗೆ ಹೋದರೋ ಇಲ್ಲವೋ ನನಗೆ ತಿಳಿಯದು. ಊಟಕ್ಕೆ ಕೂತಾಗಲೆಲ್ಲ ಅಮ್ಮ, "ಅವರ ಸುದ್ದಿ ಏನಾದ್ರೂ ಬಂತೇನೇ?" ಎಂದು ಕೇಳುತ್ತಾಳೆ. ಇಲ್ಲಮ್ಮ ಎನ್ನುತ್ತೇನೆ.

ಸಮಾರಂಭದ ಮರುದಿನವೇ ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ, ಸಮಿತಿಯ ಕಾರ್ಯದರ್ಶಿ ಸಿಕ್ಕರು. ಒಳ್ಳೆಯ ಮನುಷ್ಯ, ಕೂರಿಸಿ ನೀರು ಕೊಟ್ಟರು. ಎಲ್ಲವನ್ನೂ ಕೇಳಿಸಿಕೊಂಡು, "ನೋಡಿ ಮೇಡಂ, ನೀವೇ ನಿಮ್ಮ ಮೇಲೆ ದೂರು ಕೊಡೋಕೆ ಬರಲ್ಲ. ತೊಂದರೆ ಆದವರು ಕೊಡಬೇಕು," ಎಂದರು.

"ಅವರು ಹೇಗೆ ಕೊಡ್ತಾರೆ ಸರ್?"

"ಬರೆದು ಕೊಡಬೇಕು. ಪೂರ್ತಿ ಹೆಸರು, ವಿಳಾಸ, ಸಹಿ. ಒಂದು ಗುರುತಿನ ಚೀಟಿ ಪ್ರತಿ ಲಗತ್ತಿಸಿದ್ರೆ ಇನ್ನೂ ಒಳ್ಳೇದು."

ಅವರು ತಮಾಷೆ ಮಾಡುತ್ತಿರಲಿಲ್ಲ. ಆದರೂ ನನ್ನ ದೂರನ್ನು ಬರೆದು ಕೊಟ್ಟು ಬಂದೆ. ಅಧ್ಯಕ್ಷರೇ, ನಿಮ್ಮ ಪತ್ರದ ಕೊನೆಯಲ್ಲೂ ಅದೇ ಮಾತಿದೆ: 'ಬಾಧಿತ ವ್ಯಕ್ತಿಯಿಂದ ಸಹಿಯುಳ್ಳ ದೂರು ಬಾರದ ಕಾರಣ'. ಹೆಸರು ಹೊರಬಿದ್ದರೆ ಬದುಕೇ ಮುಳುಗುವ ವ್ಯಕ್ತಿ ಹೆಸರು ಬರೆದು, ಸಹಿ ಹಾಕಿ, ಗುರುತಿನ ಚೀಟಿ ಅಂಟಿಸಿ, ಗಡಿಯಾಚೆಯ ಸಂಸ್ಥೆಯೊಂದಕ್ಕೆ ಅಂಚೆಯಲ್ಲಿ ಕಳುಹಿಸಬೇಕು. ಆಗ ನೀವು ಅವರ ಗುಟ್ಟನ್ನು ಕಾಪಾಡುವ ಬಗ್ಗೆ ಆಲೋಚಿಸುತ್ತೀರಿ. ಇದನ್ನು ಬರೆದವರು ಬರೆದ ಮೇಲೆ ಒಮ್ಮೆಯಾದರೂ ಓದಿ ನೋಡಿದ್ದರೇ?

ನಿಮ್ಮ ಇನ್ನೊಂದು ವಾದಕ್ಕೆ ತೂಕವಿದೆ. ಈಗ ಪ್ರಬಂಧವನ್ನು ತೆಗೆದರೆ ಅದೇ ಎಲ್ಲರ ಗಮನ ಸೆಳೆಯುತ್ತದೆ ಎಂದಿದ್ದೀರಿ. ಈ ಬಹಿರಂಗ ಪತ್ರಕ್ಕೂ ಅದೇ ಆಕ್ಷೇಪಣೆ ಬರುತ್ತದೆಂದು ಬಲ್ಲೆ. ಅದಕ್ಕಾಗಿಯೇ ಬಹಳ ದಿನ ಹೊರಗೆ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಆದರೆ ಈ ವಾರ ನಿಮ್ಮ ಕಚೇರಿಯಿಂದಲೇ ತಿಳಿಯಿತು, ನಾನು ಆಗಲೇ ಬರೆದು ಕೊಟ್ಟಿದ್ದ, ಆ ಅಧ್ಯಯನದ ಎರಡನೆಯ ಭಾಗವನ್ನು ಸಂಸ್ಥೆ ನನ್ನ ಒಪ್ಪಿಗೆ ಇಲ್ಲದೆಯೂ ಅಚ್ಚಿಗೆ ಕಳುಹಿಸಬಹುದಂತೆ, ಕರಡು ಸಂಸ್ಥೆಯ ಸ್ವತ್ತಂತೆ. ಉಳಿದ ಸಂದರ್ಶನಗಳೆಲ್ಲ ಇರುವುದು ಅದರಲ್ಲಿ. ಅದಕ್ಕೂ ವಿಮರ್ಶೆ ಬಂದಿದೆ. ಮಾತಾಡಿದವರ ಹಿನ್ನೆಲೆಯನ್ನು ಇನ್ನಷ್ಟು ವಿವರಿಸಬೇಕು, ಏಳನೆಯದರ ಹಾಗೆ, ಎಂದು ಬರೆದಿದ್ದಾರೆ. ನನ್ನ ತಪ್ಪು ಈಗ ಮಾದರಿಯಾಗಿದೆ. ಇನ್ನು ಸುಮ್ಮನಿದ್ದರೆ ನಾನು ಮನುಷ್ಯಳೇ ಅಲ್ಲ.

ನಿಮ್ಮಿಂದ ನಾನು ಕೇಳುವುದು ಇಷ್ಟು. ಆ ಅರ್ಧ ವಾಕ್ಯವಿರುವ ಪ್ರಬಂಧವನ್ನು ಇವತ್ತೇ ತೆಗೆಯಿರಿ. ಎರಡನೆಯ ಭಾಗವನ್ನು ಅಚ್ಚಿಗೆ ಕಳುಹಿಸಬೇಡಿ. ಸಂಸ್ಥೆಯ ಬೀಗದೊಳಗಿರುವ ಧ್ವನಿಮುದ್ರಿಕೆಗಳನ್ನು ನನ್ನ ಕಣ್ಣೆದುರು ಅಳಿಸಿ. ಮುಂದೆ ಯಾರದೇ ಪ್ರಬಂಧವಿರಲಿ, ವಿಮರ್ಶೆಯ ನಂತರ ತಿದ್ದಿದ ಪುಟ ಮತ್ತೆ ಸಮಿತಿಯ ಮುಂದೆ ಬರಲಿ. ಹೆಸರು ಇದೆಯೇ ಎಂದು ಹುಡುಕುವ ಬದಲು, ಗುರುತು ಸಿಗುತ್ತದೆಯೇ ಎಂದು ಕೇಳಿ. ನಾನು ನಿರ್ದೋಷಿಯೆಂದು ಕೊಟ್ಟ ಪತ್ರವನ್ನು ಹಿಂದಕ್ಕೆ ಪಡೆದು, ಏನು ಶಿಕ್ಷೆಯಿದೆಯೋ ಅದನ್ನು ಕೊಡಿ.

ಸಾಕ್ಷ್ಯ ಎಲ್ಲಿ ಎಂದು ಕೇಳುತ್ತೀರಿ. ನಮ್ಮ ಅಡುಗೆಮನೆ, ನಿಮ್ಮ ಕೇಕು, ಕಾರ್ಯದರ್ಶಿಯವರು ಕೊಟ್ಟ ನೀರು, ಎಲ್ಲವನ್ನೂ ಬರೆದಿದ್ದೇನೆ. ಆ ವ್ಯಕ್ತಿಯ ಬಗ್ಗೆ ಮಾತ್ರ ಗುರುತು ಸಿಗುವಂಥದ್ದೇನನ್ನೂ ಬರೆದಿಲ್ಲ. ಪ್ರಬಂಧದ ಶೀರ್ಷಿಕೆಯನ್ನೂ ಹೇಳಿಲ್ಲ. ಸಂದೇಶದ ಮಾತುಗಳನ್ನು ಬದಲಿಸಿದ್ದೇನೆ. ಏಳು ಎಂಬುದು ಕೂಡ ನಿಜವಾದ ಸಂಖ್ಯೆಯಲ್ಲ. ಇಷ್ಟು ಎಚ್ಚರಿಕೆ ಈಗ ಬಂದಿದೆ, ಬೇಕಾದಾಗ ಬರಲಿಲ್ಲ.

ಒಂದು ಮಾತನ್ನು ಮಾತ್ರ ಬದಲಿಸದೆ ಇಡುತ್ತೇನೆ, ಏಕೆಂದರೆ ಅದನ್ನು ಸಂದರ್ಶನ ಕೊಡುವ ಎಲ್ಲರೂ ಕೇಳುತ್ತಾರೆ, ಅದರಿಂದ ಯಾರ ಗುರುತೂ ಸಿಗುವುದಿಲ್ಲ. ಧ್ವನಿಮುದ್ರಕದ ಗುಂಡಿ ಒತ್ತುವ ಮುಂಚೆ ಅವರು ಕೇಳಿದ್ದರು: "ನನ್ನ ಹೆಸರು ಬರೋದಿಲ್ಲ ತಾನೇ?"

"ಖಂಡಿತಾ ಬರೋದಿಲ್ಲ," ಎಂದಿದ್ದೆ.

ಬರಲಿಲ್ಲ.

ಇಂತಿ,
ನಿಮ್ಮ ಕಡತದ ಪ್ರಕಾರ ಕೊಟ್ಟ ಮಾತು ಉಳಿಸಿಕೊಂಡ ಸಂಶೋಧಕಿ