ಏಳನೇ ಬೆಡ್ಡಿನ ಗಂಟೆ

ವಿದ್ಯಾನಗರ, ಶಿವಮೊಗ್ಗ
ಭಾನುವಾರ, 9 ಫೆಬ್ರವರಿ 2025

ಪ್ರೀತಿಯ ಮುಸರ್ರತ್,

ಈ ಮೊದಲ ಪದವನ್ನು ಬರೆಯುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ, ಪತ್ರ ಓದಿ ಮುಗಿಸಿದ ಮೇಲೆ ನೀನೇ ತೀರ್ಮಾನಿಸು. ಒಂಬತ್ತು ವರ್ಷದಿಂದ ನಮ್ಮಿಬ್ಬರ ನಡುವೆ ಮಾತಿಲ್ಲ. ನೀನು ಭದ್ರಾವತಿಯ ಓಲ್ಡ್ ಟೌನಿನಲ್ಲಿ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಕೊಟ್ಟುಕೊಂಡು, ಗಾಯಕ್ಕೆ ಡ್ರೆಸ್ಸಿಂಗ್ ಮಾಡಿಕೊಂಡು ಇದ್ದೀಯ ಎಂದು ಬೇರೆಯವರಿಂದ ಕೇಳಿದ್ದೇನೆ. ಬಸ್ಸು ಹತ್ತಿದರೆ ಎಷ್ಟು ಹೊತ್ತಿನ ದಾರಿ ಅದು? ಆದರೂ ಬರಲಿಲ್ಲ. ಫೋನ್ ಮಾಡಬಹುದಿತ್ತು. ಮಾಡಿದರೆ ನೀನು "ಹೆಂಗಿದ್ದೀಯೇ ಯಶು" ಎಂದು ಕೇಳುತ್ತೀಯ, ನಾನು "ಚೆನ್ನಾಗಿದ್ದೀನಿ ಮಾರಾಯ್ತಿ" ಎಂದುಬಿಡುತ್ತೇನೆ, ಅಲ್ಲಿಗೆ ಮುಗಿಯುತ್ತದೆ. ಅದಕ್ಕೇ ಕಾಗದ. ಮಧ್ಯದಲ್ಲಿ ನಿಲ್ಲಿಸಬೇಡ, ಕೊನೆಯವರೆಗೂ ಓದು.

ನಾವಿಬ್ಬರೂ ಕೆಲಸ ಮಾಡುತ್ತಿದ್ದ ಅದೇ ಗಂಡಸರ ಮೆಡಿಕಲ್ ವಾರ್ಡಿಗೆ ಈಗ ನಾನು ಇನ್‌ಚಾರ್ಜ್. ಗೋಡೆಗೆ ಬೇರೆ ಬಣ್ಣ ಬಂದಿದೆ, ಮಂಚಗಳು ಹೊಸವು. ಕಾಯಿಲೆಗಳು ಮಾತ್ರ ಹಳೆಯವೇ. ಹೃದಯ ಸೋತು ಕಾಲು ಊದಿಸಿಕೊಂಡು ಬರುವವರು, ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿಕೊಂಡವರು, ಉಸಿರಿಗಾಗಿ ದಿಂಬು ತಬ್ಬಿಕೊಂಡು ಕೂರುವವರು. ಬೆಳಿಗ್ಗೆ ತೂಕ ನೋಡುವುದು, ಕುಡಿದ ನೀರು, ಹೋದ ಮೂತ್ರ ಅಳೆದು ಬರೆಯುವುದು. ನಿನ್ನನ್ನು ಬಲ್ಲವರು ಆ ವಾರ್ಡಿನಲ್ಲಿ ನನ್ನನ್ನು ಬಿಟ್ಟರೆ ಒಬ್ಬರೂ ಉಳಿದಿಲ್ಲ. ಈ ಮಾತನ್ನು ನೆನಪಿಟ್ಟುಕೊಂಡು ಮುಂದೆ ಓದು.

ಡಿಸೆಂಬರ್ ಕೊನೆಯ ವಾರ. ಎಂಟನೇ ಬೆಡ್ಡಿನಲ್ಲಿ ಹೊನ್ನಯ್ಯ ಎಂಬ ಹೃದಯದ ರೋಗಿ ಇದ್ದರು, ಸಾಗರದ ಕಡೆಯವರು, ನಮ್ಮ ಆಸ್ಪತ್ರೆಗೆ ಅದೇ ಮೊದಲ ಸಲ ಬಂದಿದ್ದರು. ಮಧ್ಯಾಹ್ನ ಊಟದ ಮೇಲಿನ ಹೊತ್ತು, ವಾರ್ಡೆಲ್ಲ ತೂಕಡಿಸುತ್ತಿತ್ತು. ಅವರ ಕಾಲಿನ ಊತ ಒತ್ತಿ ನೋಡುತ್ತಿದ್ದೆ. "ಮುಸರ್ರತ್ ಸಿಸ್ಟರ್ ಡ್ಯೂಟಿಗೆ ಬಂದ್ರಾ?" ಎಂದು ಕೇಳಿದರು.

ನನ್ನ ಬೆರಳು ಅವರ ಕಾಲಿನ ಮೇಲೇ ನಿಂತುಬಿಟ್ಟಿತು. ಯಾರು ಹೇಳಿದ್ದು ಈ ಹೆಸರು ಎಂದೆ. "ನಂಗೇನು ಗೊತ್ತಮ್ಮ, ಪಕ್ಕದ ಬೆಡ್ಡಿನೋರು ದಿನಾ ಕೇಳ್ತಾರೆ. ಇವತ್ತು ನೀವೇ ವಿಚಾರ್ಸಿ ಅಂದ್ರು."

ಪಕ್ಕದ್ದು ಏಳನೇ ಬೆಡ್ಡು. ಮೂರು ದಿನದಿಂದ ಖಾಲಿ ಇತ್ತು. ಹಾಸಿಗೆ ಸುತ್ತಿ ಇಟ್ಟಿದ್ದೆವು.

ರಕ್ತದಲ್ಲಿ ಉಪ್ಪಿನಂಶ ಇಳಿದರೆ ಇಂಥ ರೋಗಿಗಳು ಏನೇನೋ ಮಾತಾಡುವುದುಂಟಲ್ಲ, ಅದೇ ಇರಬೇಕೆಂದು ಪರೀಕ್ಷೆಗೆ ಕಳಿಸಿದೆ. ಎಲ್ಲ ಸರಿಯಾಗಿಯೇ ಬಂತು. ನಾಲ್ಕು ದಿನಕ್ಕೆ ಅವರು ಗುಣವಾಗಿ ಮನೆಗೆ ಹೋದರು.

ಜನವರಿಯಲ್ಲಿ ಕೃಷ್ಣಪ್ಪ ಬಂದರು, ಆರನೇ ಬೆಡ್ಡು, ಲಿವರಿನ ರೋಗಿ. ಹೊಟ್ಟೆಯ ನೀರು ತೆಗೆಸಿದ ಮಾರನೆಯ ಮಧ್ಯಾಹ್ನ ನೋಡಿದರೆ, ತುಟಿ ಚೂಪು ಮಾಡಿಕೊಂಡು, ಮುಖದ ಮುಂದೆ ಅಂಗೈ ಹಿಡಿದು, ಅದರ ಮೇಲೆ ನಿಧಾನವಾಗಿ ಊದುತ್ತ ಕೂತಿದ್ದಾರೆ. ಅವರ ಶ್ವಾಸಕೋಶಕ್ಕೆ ಏನೂ ಆಗಿರಲಿಲ್ಲ. ಯಾಕೆ ಹೀಗೆ ಊದುತ್ತೀರಿ ಎಂದು ಕೇಳಿದೆ. "ಅವರು ಹೇಳ್ಕೊಡ್ತಾ ಇದಾರೆ" ಎಂದು ಖಾಲಿ ಮಂಚದ ಕಡೆ ಕಣ್ಣು ತೋರಿಸಿದರು. "ದೀಪ ಅಲ್ಲಾಡ್ಬೇಕಂತೆ, ಆರ್ಬಾರ್ದಂತೆ."

ಮುಸರ್ರತ್, ಈ ಮಾತು ಯಾವ ಪುಸ್ತಕದಲ್ಲೂ ಇಲ್ಲ. ದಮ್ಮಿನವರಿಗೆ ಉಸಿರು ಬಿಡುವುದನ್ನು ಕಲಿಸಲು ನೀನು ಕಟ್ಟಿಕೊಂಡ ಮಾತು. ಲಿವರಿನವರ ತಲೆಗೆ ನಂಜೇರಿದರೆ ಭ್ರಮೆ ಆಗುತ್ತದೆ ಎಂದು ಆವತ್ತೂ ನನಗೆ ನಾನೇ ಹೇಳಿಕೊಂಡೆ. ಆದರೆ ಭ್ರಮೆಗೆ ನಿನ್ನ ಮಾತು ಹೇಗೆ ಸಿಕ್ಕಿತು? ಏಳನೇ ಮಂಚದ ಪಕ್ಕ ಒಂದು ಸ್ಟೂಲು ಇತ್ತು. ಅದನ್ನು ಎತ್ತಿಡೋಣವೆಂದು ಹಿಡಿದೆ. ಅದರ ರೆಕ್ಸಿನ್ ಬೆಚ್ಚಗಿತ್ತು, ಯಾರೋ ಬಹಳ ಹೊತ್ತು ಕೂತು ಆಗಷ್ಟೇ ಎದ್ದುಹೋದ ಹಾಗೆ. ಎತ್ತದೆ ಅಲ್ಲೇ ಬಿಟ್ಟು ಬಂದೆ. ಅಂದಿನಿಂದ ಏಳನೇ ಬೆಡ್ಡಿಗೆ ಯಾರನ್ನೂ ಹಾಕಲಿಲ್ಲ. ಚಕ್ರ ಸಡಿಲವಾಗಿದೆ ಎಂದು ರಿಜಿಸ್ಟರಿನಲ್ಲಿ ಬರೆದೆ. ಸುಳ್ಳು ಬರೆಯುವುದು ನನಗೆ ಹೊಸದಲ್ಲ, ಅದನ್ನು ಮುಂದೆ ಹೇಳುತ್ತೇನೆ.

ಹೋದ ಸೋಮವಾರ, ಎರಡೂವರೆ ಇರಬಹುದು. ನಾನು ಮೇಜಿನ ಹತ್ತಿರ ಔಷಧಿ ಚಾರ್ಟ್ ನೋಡುತ್ತಿದ್ದೆ. ಕರೆಗಂಟೆ ಹೊಡೆಯಿತು. ಗೋಡೆಯ ಬೋರ್ಡಿನಲ್ಲಿ 7ರ ಮುಂದೆ ಕೆಂಪು ದೀಪ. ಹೊಸದಾಗಿ ಸೇರಿದ ಅಕ್ಷಯಾ ಎಂಬ ಹುಡುಗಿ ಪಕ್ಕದಲ್ಲಿದ್ದಳು. "ಮೇಡಂ, ಏಳರಲ್ಲಿ ಯಾರೂ ಇಲ್ವಲ್ಲ" ಎಂದಳು. ವೈರ್ ಕೆಟ್ಟಿರಬೇಕು ಎಂದೆ. ಅದು ನಿಲ್ಲಲಿಲ್ಲ. ಎದ್ದು ಹೋದೆ. ಗಂಟೆಯ ವೈರು ಸುತ್ತಿ ಮೊಳೆಗೆ ನೇತುಹಾಕಿದ್ದು ಹಾಗೇ ಇತ್ತು, ಗುಂಡಿಯ ಮೇಲೆ ಧೂಳಿತ್ತು. ನಾನು ಹತ್ತಿರ ನಿಂತ ಕೂಡಲೇ ಸದ್ದು ನಿಂತಿತು. ಆಗ ಎಂಟನೇ ಬೆಡ್ಡಿನ ಕಡೆ ತಿರುಗಿದೆ.

ಅಲ್ಲಿ ಅಲ್ಲಾಬಕ್ಷ್ ಮಲಗಿದ್ದರು. ಶಿವಮೊಗ್ಗದವರೇ, ವೆಲ್ಡಿಂಗ್ ಕೆಲಸ, ಶ್ವಾಸಕೋಶ ಪೂರ್ತಿ ಹಾಳಾಗಿದೆ. ಎರಡು ಲೀಟರಿನ ಮೇಲೆ ಆಮ್ಲಜನಕ ಕೊಡಬಾರದೆಂದು ಡಾಕ್ಟರು ಬರೆದಿದ್ದರು. ಇಂಥವರಿಗೆ ಜಾಸ್ತಿ ಕೊಟ್ಟರೆ ಕೆಟ್ಟ ಗಾಳಿ ಒಳಗೇ ಉಳಿದು ಮಂಪರು ಕವಿಯುತ್ತದೆ, ಅದು ನಿದ್ದೆಯ ಹಾಗೆ ಕಾಣುತ್ತದೆ, ನಿದ್ದೆಯಲ್ಲ ಎಂದು ಹೊಸಬರಿಗೆ ನೀನು ಹೇಳಿಕೊಡುತ್ತಿದ್ದೆಯಲ್ಲ. ಅವರು ಬಾಯಿ ಅರೆತೆರೆದು ಮಲಗಿದ್ದರು. ಭುಜ ಅಲ್ಲಾಡಿಸಿದರೆ ಏಳಲಿಲ್ಲ. ಮೀಟರ್ ನೋಡಿದೆ, ಆರರಲ್ಲಿತ್ತು. ಅಕ್ಷಯಾ ಅಳುವ ದನಿಯಲ್ಲಿ, ಮಾನಿಟರಿನಲ್ಲಿ ಆಮ್ಲಜನಕದ ಅಂಕಿ ಎಂಬತ್ತನಾಲ್ಕಕ್ಕೆ ಇಳಿದಿತ್ತು, ಹೆದರಿಕೆಯಾಗಿ ಏರಿಸಿದೆ, ಇಳಿಸಲು ಮರೆತೆ ಎಂದಳು. ಎರಡಕ್ಕೆ ಇಳಿಸಿದೆವು, ಎತ್ತಿ ಕೂರಿಸಿದೆವು, ಡಾಕ್ಟರು ಓಡಿ ಬಂದು ಉಸಿರಾಟದ ಯಂತ್ರ ಹಾಕಿದರು. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು.

ಮಾರನೆಯ ದಿನ ಯಂತ್ರ ತೆಗೆದ ಮೇಲೆ ಅವರ ಬಾಯಿ ಒರೆಸುತ್ತಿದ್ದೆ. ಒಂದೊಂದೇ ಮಾತು ತಡೆದು ತಡೆದು ಹೇಳಿದರು. "ಒಬ್ರು ಅಜ್ಜ, ಖಾಕಿ ಅಂಗಿ. ಎದೆ ಮೇಲೆ ಕೈ ಇಟ್ಟು ಎಬ್ಬಿಸ್ತಾನೇ ಇದ್ರು. ನಿದ್ದೆ ಮಾಡ್ಬೇಡ ಮಾರಾಯ, ಇದು ನಿದ್ದೆ ಅಲ್ಲ ಅಂದ್ರು." ಮತ್ತೇನಂದ್ರು ಎಂದು ಕೇಳಿದೆ. ಕೇಳಬಾರದಿತ್ತು. "ನಂಗೂ ಹಿಂಗೇ ಆಗಿತ್ತು ಅಂದ್ರು. ಸಿಸ್ಟರ್ ಬಂದು ಕತ್ತಿನ ತನಕ ಹೊದಿಕೆ ಹೊದ್ಸಿ ಹೋದ್ರು, ಅಂದ್ರು. ನೀವೇ ಅಂತೆ."

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಹೊದಿಕೆಯ ವಿಷಯ ಈ ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ, ಮುಸರ್ರತ್. ನಿನಗೂ ಗೊತ್ತಿಲ್ಲ.

ಈಗ ಹೇಳುತ್ತೇನೆ. 2016ರ ಫೆಬ್ರವರಿ. ಏಳನೇ ಬೆಡ್ಡಿನಲ್ಲಿ ದಮ್ಮಿನ ಶೇಷಪ್ಪ ಇದ್ದರು, ಭದ್ರಾವತಿಯ ಕಾರ್ಖಾನೆಯಲ್ಲಿ ಖಾಕಿ ಅಂಗಿ ತೊಟ್ಟು ಕುಲುಮೆಯ ಮುಂದೆ ದುಡಿದು ನಿವೃತ್ತರಾದವರು. ನಿನ್ನ ಡ್ಯೂಟಿಗಾಗಿ ಕಾಯುತ್ತಿದ್ದರು, ನೀನು ಬಂದ ಮೇಲೇ ಊಟ ಮಾಡುತ್ತಿದ್ದರು. ಆವತ್ತು ನೀನು ಹದಿನಾರು ಗಂಟೆ ಕೆಲಸ ಮಾಡಿದ್ದೆ. ಮಧ್ಯಾಹ್ನ ಒಂದು ಗಂಟೆಗೆ ಅವರಿಗೆ ನೆಬ್ಯುಲೈಸರಿನಲ್ಲಿ ಔಷಧಿಯ ಆವಿ ಕೊಟ್ಟು, ಅದಕ್ಕಾಗಿ ಎಂಟಕ್ಕೆ ಏರಿಸಿದ್ದ ಆಮ್ಲಜನಕವನ್ನು ಮತ್ತೆ ಎರಡಕ್ಕೆ ಇಳಿಸಿ, ಒಂದೂವರೆಗೆ ಚಾರ್ಟಿನಲ್ಲಿ 2 ಎಂದು ಬರೆದು, ಎರಡಕ್ಕೆ ವಾರ್ಡನ್ನು ನನಗೆ ಒಪ್ಪಿಸಿದೆ. "ಅವರು ಗಾಬರಿ ಆದ್ರೆ ಎತ್ತಿ ಕೂರ್ಸಿ ಊದ್ಸು, ಮೀಟರ್ ಮಾತ್ರ ಮುಟ್ಬೇಡ" ಎಂದು ಹೇಳಿ ಹೋದೆ. ನೀನು ಇಳಿಸಿದ್ದೆ. ನಾನು ಕಣ್ಣಾರೆ ನೋಡಿದ್ದೆ.

ನೀನು ಹೋದ ಸ್ವಲ್ಪ ಹೊತ್ತಿಗೆ ಅವರಿಗೆ ಉಸಿರು ಕಟ್ಟಿತು. ತುಟಿ ನೀಲಿಯಾಯಿತು. ಗಾಳಿ ಕೊಡಿ ತಾಯಿ ಎಂದು ನನ್ನ ಸೆರಗು ಹಿಡಿದುಕೊಂಡರು. ಅದೇ ಹೊತ್ತಿಗೆ ಆಚೆ ಮೂಲೆಯಲ್ಲಿ ಒಬ್ಬರು ರಕ್ತ ವಾಂತಿ ಮಾಡಿಕೊಳ್ಳುತ್ತಿದ್ದರು. ಮೂಗಿನ ನಳಿಗೆ ತೆಗೆದು, ಮಾಸ್ಕ್ ಹಾಕಿ, ಎಂಟಕ್ಕೆ ತಿರುಗಿಸಿ ಅತ್ತ ಓಡಿದೆ. ಐದು ನಿಮಿಷದಲ್ಲಿ ಬಂದು ಇಳಿಸುತ್ತೇನೆ ಎಂದುಕೊಂಡಿದ್ದೆ. ಬಂದಾಗ ಒಂದು ಗಂಟೆ ದಾಟಿತ್ತು. ಶೇಷಪ್ಪ ಶಾಂತವಾಗಿ ಮಲಗಿದ್ದರು. ಅಬ್ಬ, ಪಾಪ, ಕೊನೆಗೂ ನಿದ್ದೆ ಬಂತಲ್ಲ ಎನಿಸಿತು. ಹೊದಿಕೆಯನ್ನು ಕತ್ತಿನವರೆಗೆ ಎಳೆದು ಹೊದಿಸಿದೆ. ಮೀಟರಿನ ನೆನಪೇ ಬರಲಿಲ್ಲ. ಮತ್ತೆ ನೋಡಿದಾಗ ಅವರಿರಲಿಲ್ಲ.

ಡಾಕ್ಟರು ಬರುವುದಕ್ಕೆ ಮೊದಲು ನಾನು ಮಾಡಿದ ಕೆಲಸ ಇದು. ನೀನು ಬರೆದಿದ್ದ 2ರ ಬಾಲವನ್ನು ಸುತ್ತಿಸಿ ತಲೆಗೆ ಸೇರಿಸಿದೆ. 8 ಆಯಿತು. ಒಂದು ಗೆರೆ, ಅಷ್ಟೇ. ನಾನು ವಾರ್ಡು ವಹಿಸಿಕೊಂಡಾಗಲೇ ಎಂಟರಲ್ಲಿತ್ತು, ಗಮನಿಸಲಿಲ್ಲ ಎಂದು ವಿಚಾರಣೆಯಲ್ಲಿ ಹೇಳಿದೆ. ನೀನು ಜಗಳ ಮಾಡುತ್ತೀಯ, ನನ್ನ ಕೆನ್ನೆಗೆ ಹೊಡೆಯುತ್ತೀಯ ಎಂದು ಕಾದಿದ್ದೆ. ನೀನು ಆ ಚಾರ್ಟನ್ನು ಕೈಯಲ್ಲಿ ಹಿಡಿದು ನೋಡಿದೆ. "ನೆಬ್ಯುಲೈಸರ್ ಕೊಟ್ಟ ಮೇಲೆ ಇಳಿಸೋದು ಮರೆತೆನೇನೋ" ಎಂದು ಮೆಲ್ಲಗೆ ಅಂದೆ. ನನ್ನ ಸುಳ್ಳನ್ನು ನೀನೇ ನಂಬಿಬಿಟ್ಟೆ. ಆ ಸಂಜೆ ರಾಜೀನಾಮೆ ಬರೆದೆ. ವಿದ್ಯಾನಗರದ ನಮ್ಮ ಬಾಡಿಗೆ ರೂಮಿನಿಂದ ನಿನ್ನ ಟ್ರಂಕನ್ನು ಆಟೋಗೆ ಹಾಕುವಾಗ ಇನ್ನೊಂದು ಕಡೆಯ ಹಿಡಿ ಹಿಡಿದವಳು ನಾನೇ.

ಮೊನ್ನೆ ಶುಕ್ರವಾರ ಇದೆಲ್ಲವನ್ನೂ ಬರೆದು, ಸಹಿ ಮಾಡಿ, ನಮ್ಮ ಸೂಪರಿಂಟೆಂಡೆಂಟರಿಗೆ ಕೊಟ್ಟೆ. ಅವರು ಎರಡು ಸಲ ಓದಿದರು. "ಇಷ್ಟು ವರ್ಷ ಆದ್ಮೇಲೆ ಯಾಕ್ರೀ ಯಶೋಧರಾ?" ಎಂದರು. ಏಳನೇ ಬೆಡ್ಡಿನ ಗಂಟೆಯ ಮಾತು ಹೇಳಲಿಲ್ಲ. ಹೇಳಿದ್ದರೆ ನನ್ನ ತಲೆ ಕೆಟ್ಟಿದೆ ಎಂದು ಕಾಗದವನ್ನು ಹರಿದು ಹಾಕುತ್ತಿದ್ದರು. ಕೆಲಸ ಹೋಗುತ್ತದೆ, ನರ್ಸ್ ಎನ್ನುವ ನೋಂದಣಿಯೂ ಹೋಗಬಹುದು. ಹೋಗಲಿ. ನಿನ್ನ ಹೆಸರಿನ ಮೇಲಿನ ಗೆರೆ ಅಳಿಸಬೇಕೆಂದು ಕೇಳಿಕೊಂಡಿದ್ದೇನೆ.

ಅಲ್ಲಾಬಕ್ಷ್ ಗುರುವಾರವೇ ಮನೆಗೆ ಹೋದರು. ಆದರೆ ಮುಸರ್ರತ್, ನಿನ್ನೆ ಮಧ್ಯಾಹ್ನವೂ ಆ ಕೆಂಪು ದೀಪ ಹತ್ತಿತು. ನಾನು ಹೋಗಿ ಮಂಚದ ಪಕ್ಕ ನಿಂತು, ಎಲ್ಲ ಹೇಳಿಬಿಟ್ಟಿದ್ದೀನಿ ಶೇಷಪ್ಪನೋರೇ ಎಂದೆ. ಅತ್ತ ಆರನೇ ಬೆಡ್ಡಿಗೆ ಹೊಸದಾಗಿ ಬಂದಿದ್ದವರು ನಿದ್ದೆಗಣ್ಣಿನಲ್ಲಿ, "ಅವರು ನಿಮ್ಮನ್ನ ಕರೀತಿಲ್ಲ ಸಿಸ್ಟರ್, ಇನ್ನೊಬ್ರು ಬರ್ತಾರಾ ಅಂತ ಕೇಳ್ತಿದಾರೆ" ಎಂದರು.

ಕ್ಷಮಿಸು ಎಂದು ಬರೆಯಲಾರೆ. ನೀನು ತಪ್ಪು ಮಾಡಿರಲಿಲ್ಲ. ಅದೊಂದನ್ನು ನಂಬು. ಈ ಸಲವಾದರೂ ನನ್ನ ಮಾತು ನಿಜ.

ಒಂದು ಕಾಲಕ್ಕೆ ನಿನ್ನ ತಟ್ಟೆಯಲ್ಲೇ ಉಂಡವಳು,
ಯಶೋಧರಾ

ತಾ.ಕ.: ಮಂಗಳವಾರ, 11. ಕಾಗದವನ್ನು ಅಂಚೆಗೆ ಹಾಕಲು ಧೈರ್ಯ ಬರಲಿಲ್ಲ. ಅದನ್ನು ಚೀಲದಲ್ಲಿಟ್ಟುಕೊಂಡು ಇವತ್ತು ಭದ್ರಾವತಿಯ ಜನ್ನಾಪುರಕ್ಕೆ, ಶೇಷಪ್ಪನವರ ಹೆಂಡತಿ ಸಣ್ಣಮ್ಮನವರ ಮನೆ ಹುಡುಕಿಕೊಂಡು ಬಂದೆ. ಬಾಗಿಲು ತೆಗೆದವರೇ, "ಯಜಮಾನ್ರು ಮಧ್ಯಾಹ್ನ ಸಿಗಲ್ಲಮ್ಮ, ಎರಡು ತಿಂಗಳಿಂದ ಡ್ಯೂಟಿಗೆ ಹೋಗ್ತಾರೆ, ಮನೇಲಿ ನಾನೊಬ್ಳೇ" ಎಂದರು. ವಯಸ್ಸಾಗಿದೆ ಎಂದುಕೊಂಡೆ. ವಾರ್ಡಿನ ಸುದ್ದಿಯನ್ನು ನಾನು ಇನ್ನೂ ಬಾಯಿಬಿಟ್ಟಿರಲಿಲ್ಲ.

ಆಮೇಲೆ ಎಲ್ಲವನ್ನೂ ಹೇಳಿದೆ. ಅವರು ಅಳಲಿಲ್ಲ. ಶೇಷಪ್ಪ ತೀರಿಕೊಂಡ ತಿಂಗಳೊಳಗೇ ನೀನು ಈ ಮನೆಗೆ ಬಂದು, ನನ್ನಿಂದಲೇ ಸತ್ತರು ಎಂದು ಸಣ್ಣಮ್ಮನವರ ಕಾಲು ಹಿಡಿದೆಯಂತೆ. ಅಂದಿನಿಂದ ಪ್ರತಿ ತಿಂಗಳ ಮೊದಲ ಭಾನುವಾರ ಬಂದು ಬಿಪಿ ನೋಡಿ, ಕಾಲಿನ ಹುಣ್ಣು ತೊಳೆದು ಕಟ್ಟಿ ಹೋಗುತ್ತೀಯಂತೆ. ನನಗೆ ಇದು ಗೊತ್ತಿರಲಿಲ್ಲ. "ಆ ಹುಡುಗೀನ ಅವತ್ತೇ ಕ್ಷಮಿಸ್ಬಿಟ್ಟೆ ಕಣಮ್ಮ. ಈಗ ಅದನ್ನ ಅವಳ ಹತ್ರ ವಾಪಸ್ ಇಸ್ಕೊಂಡು ನಿಮಗೆ ಕೊಡಕ್ಕಾಗುತ್ತಾ?" ಎಂದು ಕೇಳಿದರು. ನಿಜವಾಗಿಯೂ ತಿಳಿಯದೆ ಕೇಳಿದ ಹಾಗೆ ಕೇಳಿದರು. ಕಾಗದವನ್ನು ಅವರ ಕೈಗೇ ಕೊಟ್ಟು ಹೋಗುತ್ತೇನೆ, ನೀನು ಬಂದಾಗ ಕೊಡುತ್ತಾರೆ.

ಈ ಸಾಲುಗಳನ್ನು ಅವರ ಜಗಲಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಬಿಸಿಲು ಇಳಿಯುತ್ತಿದೆ. ಈಗಷ್ಟೇ ಹಿತ್ತಲ ಬಾಗಿಲು ತೆರೆದ ಸದ್ದಾಯಿತು. ಒಳಗೆ ಸಣ್ಣಮ್ಮ ಲೋಟ ಇಡುತ್ತಾ ಹೇಳುತ್ತಿದ್ದಾರೆ: "ಆ ಇನ್ನೊಬ್ಬ ಸಿಸ್ಟರ್ ಬಂದು ಜಗಲೀಲಿ ಕೂತವ್ರೆ. ಏನು ಹೇಳ್ಬೇಕೋ ನೀವೇ ಹೋಗಿ ಹೇಳಿ."