ಕಟ್ಟೆಯ ಮೇಲಿನ ಅಡ್ಡಗೋಡೆ

ಕೋಟೆ ಓಣಿ, ಹರಿಹರ
14-10-1957

ಯಜಮಾನರಿಗೆ ಕೆಂಚಕ್ಕನ ನಮಸ್ಕಾರಗಳು.

ಇಲ್ಲಿ ನಾನು ಕ್ಷೇಮ. ದಾವಣಗೆರೆ ಮಿಲ್ಲಿನ ಹತ್ತಿಧೂಳು ನಿಮ್ಮ ಎದೆಗೆ ಆಗಿಬರುತ್ತದೋ ಇಲ್ಲವೋ, ಬರೆದು ತಿಳಿಸುವವರು ನೀವಲ್ಲ, ಕೇಳುವವಳು ನಾನೂ ಅಲ್ಲ. ಈ ಪತ್ರ ಬರೆಯುತ್ತಿರುವುದು ನಮ್ಮ ಓಣಿಯ ಯಲ್ಲಕ್ಕಜ್ಜಿಯ ಸಲುವಾಗಿ.

ನಮ್ಮ ಕಟ್ಟೆಯ ಮೇಲೆ ನೀವು ಕಟ್ಟಿಸಿದ ಅಡ್ಡಗೋಡೆಯನ್ನು ಕೆಡವಿದ್ದೇನೆ. ಸಿಟ್ಟು ಬಂದರೆ ಬರಲಿ, ಪೂರ್ತಿ ಓದಿ. ನಮ್ಮ ಸಾಲಿನ ಮನೆಗಳ ಕಟ್ಟೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿವೆ. ಮಳೆಗಾಲದಲ್ಲೂ ಕಾಲಿಗೆ ಕೆಸರು ಹತ್ತದಂತೆ ಗುಡಿಯವರೆಗೆ ಹೋಗಬಹುದು. ಕಣ್ಣಿಲ್ಲದ ಯಲ್ಲಕ್ಕಜ್ಜಿ ಮನೆಗಳ ಗೋಡೆಗೆ ಅಂಗೈ ಸವರುತ್ತ ದಿನಾ ಸಂಜೆ ಹೋಗಿಬರುತ್ತಿದ್ದುದು ಹಾಗೆಯೇ. ಹೊಲಿಗೆ ಮಷಿನ್ನಿಗೆ ಮರೆ ಬೇಕೆಂದು ನೀವು ಅಡ್ಡಗೋಡೆ ಎಬ್ಬಿಸಿದಿರಿ. ಅಜ್ಜಿಗೆ ಹೇಳಬೇಕೆಂದು ನಿಮಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಹಣೆ ಒಡೆದುಕೊಂಡಳು. ಓಣಿಯವರು ಬಾಯಿಗೆ ಬಂದಂತೆ ಅಂದರು. ನೀವು "ನನ್ನ ಕಟ್ಟೆ, ನನ್ನಿಷ್ಟ" ಎಂದವರೇ ಮಷಿನ್ ಮಾರಿ ಹೊರಟುಬಿಟ್ಟಿರಿ. ಗೋಡೆ ನನ್ನ ಪಾಲಿಗೆ ಉಳಿಯಿತು.

ಓಣಿಯ ಹೆಂಗಸರ ಪದ್ಧತಿಯೊಂದು ನಿಮಗೆ ಗೊತ್ತಿರಲಿಕ್ಕಿಲ್ಲ, ನೀವು ಏಳುವುದೇ ತಡವಾಗಿ. ಕಸ ಗುಡಿಸುವವಳು ತನ್ನ ಕಟ್ಟೆ ಮುಗಿದ ಮೇಲೆ ಪಕ್ಕದವಳ ಕಟ್ಟೆಯನ್ನೂ ಒಂದು ಮೊಳ ಗುಡಿಸಿಯೇ ಪೊರಕೆ ಕೆಳಗಿಡಬೇಕು. ಮದುವೆಯಾಗಿ ಬಂದಾಗ ಅತ್ತೆ ನನಗೆ ಮೊದಲು ಕಲಿಸಿದ್ದು ಅದನ್ನೇ. ಗೋಡೆ ಎದ್ದ ಮೇಲೆ ಪಕ್ಕದ ಮನೆಯ ಜೈನಾಬಿಯ ಪೊರಕೆ ಆ ಕಡೆ ನಿಂತಿತು, ನನ್ನದು ಈ ಕಡೆ. ಜಗಳವಿಲ್ಲ, ಮಾತೂ ಇಲ್ಲ. ಅದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ.

ಮೊನ್ನೆ ದೀಪಾವಳಿಗೆಂದು ಸುಣ್ಣ ಬಳಿಯುತ್ತ ಬಂದೆ. ಆ ಗೋಡೆಗೆ ಬಳಿಯಲು ಮಾತ್ರ ಕೈ ಬರಲಿಲ್ಲ. ಒಳಗಿನಿಂದ ಹಾರೆ ತಂದೆ. ಎರಡು ಏಟು ಹಾಕುವಷ್ಟರಲ್ಲಿ ಜೈನಾಬಿ, "ತಡಿಯೇ ಕೆಂಚಕ್ಕ, ಒಬ್ಬಾಕೇ ಯಾಕ ಒದ್ದಾಡ್ತಿ?" ಎನ್ನುತ್ತ ಬುಟ್ಟಿ ಹಿಡಿದು ಬಂದಳು. ಮಣ್ಣುಗೈಯಲ್ಲೇ ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ.

ಈಗ ತೊಂದರೆ ಯಲ್ಲಕ್ಕಜ್ಜಿಯದು. ಗೋಡೆ ಹೋಗಿದೆ ಎಂದರೆ ನಂಬುವುದಿಲ್ಲ. ಆ ಜಾಗ ಬಂತೆಂದರೆ ಬೀದಿಗೆ ಇಳಿದು, ಎತ್ತಿನ ಗಾಡಿಗಳ ನಡುವೆ ತಡವರಿಸಿ, ಮತ್ತೆ ಮೇಲೆ ಹತ್ತುತ್ತಾಳೆ. "ಕಟ್ಟಿದೋನೇ ಬಂದು ಕೈ ಹಿಡಿದು ದಾಟಿಸ್ಲಿ. ಅಲ್ಲಿಗಂಟ ನನ್ ಪಾಲಿಗೆ ಗ್ವಾಡೆ ಐತೆ" ಎನ್ನುತ್ತಾಳೆ. ಹಠ ಎಂದರೆ ಅಂಥ ಹಠ. ಮಿಲ್ಲಿಗೆ ರಜೆ ಇರುವ ದಿನ ಬಂದು ಆಕೆಯನ್ನು ದಾಟಿಸಿ, ಬೇಕಾದರೆ ಸಂಜೆಯ ರೈಲಿಗೆ ಹೊರಟುಬಿಡಿ. ಓಣಿಯವರು ಏನೂ ಅನ್ನುವುದಿಲ್ಲ. ನನ್ನದಂತೂ ಏನೂ ಇಲ್ಲ.

ಇಂತಿ,
ಕೆಂಚಕ್ಕ

ತಾ.ಕ.: ಲಕೋಟೆ ಅಂಟಿಸಲು ಮನಸ್ಸು ಬರುತ್ತಿಲ್ಲ, ನಿಜ ಹೇಳಿಬಿಡುತ್ತೇನೆ. ಅಜ್ಜಿಗೆ ಯಾವ ಹಠವೂ ಇಲ್ಲ. ಗೋಡೆ ಬಿದ್ದ ಸಂಜೆಯೇ ಎಂದಿನಂತೆ ಅಂಗೈ ಸವರುತ್ತ ಬಂದು, ಆ ಜಾಗವನ್ನು ನೆಟ್ಟಗೆ ದಾಟಿದಳು. ದಾಟಿ ನಿಂತು, "ಉಜ್ಜನಪ್ಪ ಬಂದ್ನೇನವ್ವ?" ಎಂದು ನಿಮ್ಮನ್ನೇ ಕೇಳಿದಳು. ದಿನಾ ರೈಲಿನ ಹೊತ್ತಿಗೆ ಅಲ್ಲಿ ಬೀದಿಗೆ ಇಳಿದು, ದಾರಿ ನೋಡುತ್ತ ನಿಲ್ಲುವವಳು ನಾನು. ಬನ್ನಿ.